“ಇದ್ರಿಂದ ಹೊಟ್ಟಿ ತುಂಬ್ತದೇನ್ ಸಾರ್?”

ಬಳ್ಳಾರಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತೇನೆ. ಮಗುವನ್ನು ಸೇರಿಸಲು ಬಂದವರು ಮೊದಲು ಫೀಸು ಕೇಳುತ್ತಾರೆ, ಆಮೇಲೆ ಟೈಮಿಂಗ್. ಎದ್ದು ಚಪ್ಪಲಿ ಮೆಟ್ಟುವಾಗ ಮೇಲಿನ ಪ್ರಶ್ನೆ ಬರುತ್ತದೆ. ಹೋದ ತಿಂಗಳು ಕೇಳಿದವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವ ಒಬ್ಬ ತಂದೆ. ಮಗಳ ಕೈ ಚೆನ್ನಾಗಿದೆ, ಅದೇ ಅವರ ಭಯ: ಇದರ ಹುಚ್ಚಿಗೆ ಬಿದ್ದು ಓದು ಬಿಟ್ಟರೆ?

ಆ ಭಯ ತಪ್ಪಲ್ಲ. ಅವರನ್ನು ಕೂರಿಸಿ ಫಿಲಿಪ್ ಗ್ಲಾಸ್ ಕಥೆ ಹೇಳಿದೆ.

ಈ ಅಮೆರಿಕನ್ ಸಂಯೋಜಕ, ಪಿಯಾನೋ ವಾದಕ ಹುಟ್ಟಿದ್ದು 1937ರಲ್ಲಿ, ಬಾಲ್ಟಿಮೋರ್‌ನಲ್ಲಿ. ಅಪ್ಪನದು ಗ್ರಾಮಫೋನ್ ತಟ್ಟೆ ಮಾರುವ, ರೇಡಿಯೋ ರಿಪೇರಿ ಮಾಡುವ ಅಂಗಡಿ. ಸಂಗೀತ ಓದಲು ನ್ಯೂಯಾರ್ಕ್‌ಗೆ ಹೋಗುತ್ತೇನೆ ಎಂದಾಗ ತಾಯಿ ಹೆದರಿದರು. ಮನೆತನದಲ್ಲಿ ಡ್ರಮ್ ಬಾರಿಸುವ ಹೆನ್ರಿ ಅಂತ ಒಬ್ಬ ಮಾವ ಇದ್ದ. ಅವನ ಹಾಗೆ ಊರೂರು ತಿರುಗಿ ಹೋಟೆಲ್ಲಿನಲ್ಲಿ ಬಾಳು ಕಳೆಯುತ್ತೀಯ ಎಂದರಂತೆ. ನಮ್ಮ ಹಿರಿಯರು ‘ನಾಟಕ ಕಂಪನಿ ಸೇರ್ತಾನ’ ಅಂತ ಹೆದರುತ್ತಿದ್ದರಲ್ಲ, ಅದೇ ಮಾತು. ಗ್ಲಾಸ್ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ದುಡ್ಡು ಕೂಡಿಸಿ ಜೂಲಿಯಾರ್ಡ್ ಸಂಗೀತ ಶಾಲೆಯ ದಾರಿ ಹಿಡಿದರು. ‘ಉಕ್ಕಿನ ಕಾರ್ಖಾನಿ?’ ಅಂತ ಆ ತಂದೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ಆಮೇಲೆ ಪ್ಯಾರಿಸ್, ನಾಡಿಯಾ ಬುಲಾಂಜೆ ಎಂಬ ಹೆಸರಾಂತ ಸಂಗೀತ ಶಿಕ್ಷಕಿಯ ಹತ್ತಿರ ಕಠಿಣ ಕಲಿಕೆ. ಅಲ್ಲೇ ರವಿಶಂಕರ್ ಅವರ ಸಿನಿಮಾ ಸಂಗೀತವನ್ನು ಪಾಶ್ಚಾತ್ಯ ವಾದಕರಿಗಾಗಿ ಸ್ವರಲಿಪಿಗೆ ಇಳಿಸುವ ಕೆಲಸ ಸಿಕ್ಕಿತು. ಬರೆದದ್ದನ್ನು ನುಡಿಸಿದರೆ ತಬಲಾದ ಅಲ್ಲಾ ರಖಾ ಒಪ್ಪುತ್ತಿರಲಿಲ್ಲ. ಸ್ವರಗಳೆಲ್ಲ ಸಮ, ಭಾರ ತಪ್ಪು ಕಡೆ ಬೀಳುತ್ತಿದೆ ಎನ್ನುತ್ತಿದ್ದರು. ಕೊನೆಗೆ ಗ್ಲಾಸ್ ಸ್ವರಲಿಪಿಯನ್ನು ತುಂಡು ತುಂಡಾಗಿ ಭಾಗ ಮಾಡುವ ನಿಂತ ಗೆರೆಗಳನ್ನೆಲ್ಲ ಅಳಿಸಿದರು. ಆಗ ಕಂಡಿತು: ಎರಡು, ಮೂರರ ಚಿಕ್ಕ ಗುಂಪುಗಳು ಒಂದಕ್ಕೊಂದು ಸೇರಿ ಆವರ್ತನ ಕಟ್ಟುತ್ತವೆ. ಅವರ ಮುಂದಿನ ಸಂಗೀತದ ಬೀಜ ಅದು.

ಆದರೆ ಹೊಟ್ಟೆ? ನ್ಯೂಯಾರ್ಕ್‌ಗೆ ಮರಳಿ ಪ್ಲಂಬಿಂಗ್ ಮಾಡಿದರು, ಟ್ಯಾಕ್ಸಿ ಓಡಿಸಿದರು. ಒಮ್ಮೆ ಒಂದು ಮನೆಗೆ ಪಾತ್ರೆ ತೊಳೆಯುವ ಯಂತ್ರ ಕೂರಿಸಲು ಹೋದರೆ, ಮನೆಯಾತ ಟೈಮ್ ಪತ್ರಿಕೆಯ ಕಲಾವಿಮರ್ಶಕ ರಾಬರ್ಟ್ ಹ್ಯೂಸ್. ನೀವು ಕಲಾವಿದರಲ್ಲವೇ ಎಂದು ಆತ ಗಾಬರಿಯಾದರೆ, ಹೌದು, ಆದರೆ ಆಗಾಗ ಪ್ಲಂಬರ್ ಕೂಡ, ಕೆಲಸ ಮುಗಿಸಲು ಬಿಡಿ ಎಂದರಂತೆ ಗ್ಲಾಸ್. 1976ರ ನವೆಂಬರ್‌ನಲ್ಲಿ ಅವರ ‘ಐನ್‌ಸ್ಟೈನ್ ಆನ್ ದ ಬೀಚ್’ ಒಪೆರಾಗೆ, ಅಂದರೆ ಸಂಗೀತ ನಾಟಕಕ್ಕೆ, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ ಹೌಸ್ ತುಂಬಿತು. ಆದರೂ ತಲೆಮೇಲೆ ಸಾಲ ಉಳಿಯಿತು. ಮತ್ತೆ ಟ್ಯಾಕ್ಸಿ ಹತ್ತಿದರು. ಸಂಗೀತ ಒಂದೇ ಅನ್ನ ಹಾಕಿದ್ದು 41ರ ವಯಸ್ಸಿನಲ್ಲಿ, ಗಾಂಧೀಜಿಯ ದಕ್ಷಿಣ ಆಫ್ರಿಕಾ ದಿನಗಳ ಮೇಲಿನ ‘ಸತ್ಯಾಗ್ರಹ’ ಒಪೆರಾ ಬರೆಯಲು ನೆದರ್ಲೆಂಡ್ಸ್‌ನಿಂದ ಕರೆ ಬಂದಾಗ. ಅದರ ಸಾಹಿತ್ಯವೆಲ್ಲ ಭಗವದ್ಗೀತೆಯ ಸಂಸ್ಕೃತ. 1980ರಲ್ಲಿ ರೋಟರ್‌ಡ್ಯಾಮ್‌ನಲ್ಲಿ ಮೊದಲ ಪ್ರದರ್ಶನ.

ಹಾಗಾಗಿ ನನ್ನ ಉತ್ತರ ಇಷ್ಟೆ: ತುಂಬದೇ ಇರಬಹುದು ಸಾರ್. ಹುಡುಗಿ ಓದಲಿ, ನೌಕರಿ ಹಿಡಿಯಲಿ. ದಿನಕ್ಕೊಂದು ತಾಸು ಮಾತ್ರ ಈ ಕೀಬೋರ್ಡಿನ ಮನೆಗಳ ಮೇಲೆ ಬೆರಳಿರಲಿ. ನಾನೂ ಹಗಲು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅದರಿಂದ ನನ್ನ ಸಂಗೀತ ಕಡಿಮೆಯಾಗಿದೆ ಅಂತ ನನಗೆ ಒಂದು ದಿನವೂ ಅನಿಸಿಲ್ಲ. ನಮ್ಮೂರಿನ ಬಳ್ಳಾರಿ ರಾಘವರು ವಕೀಲಿಕೆ ಮಾಡುತ್ತಲೇ ರಂಗಭೂಮಿ ಆಳಿದವರಲ್ಲವೇ?

ಮಾತು ಸಾಕೆನಿಸಿ ಹುಡುಗಿಯನ್ನು ಕರೆದೆ. ಗ್ಲಾಸ್ ಅವರ 1982ರ ‘ಗ್ಲಾಸ್‌ವರ್ಕ್ಸ್’ನಲ್ಲಿ ‘ಓಪನಿಂಗ್’ ಎಂಬ ಪಿಯಾನೋ ತುಣುಕಿದೆ. ಒಂದು ಕೈ ಎರಡು ಸ್ವರ ನುಡಿಸುವಷ್ಟರಲ್ಲಿ ಇನ್ನೊಂದು ಕೈ ಮೂರು ನುಡಿಸಬೇಕು. ಮೊದಲ ಸ್ವರದಲ್ಲಿ ಎರಡೂ ಕೂಡುತ್ತವೆ, ನಡುವೆ ಬೇರೆಯಾಗುತ್ತವೆ, ಮತ್ತೆ ಕೂಡುತ್ತವೆ. ತುಂಬ ನಿಧಾನಕ್ಕೆ ಹಿಡಿಸಿದೆ. ಮೂರು ಸಲ ಎಡಗೈ ಬಲಗೈಯ ಹಿಂದೆ ಓಡಿತು. ನಾಲ್ಕನೇ ಸಲ ಅಪ್ಪ ತೊಡೆ ಮೇಲೆ ಎರಡೆರಡು ತಟ್ಟಲು ಶುರು ಮಾಡಿದರು, ಅವಳು ಆ ತಟ್ಟು ಹಿಡಿದುಕೊಂಡು ಮೂರನ್ನು ಮೇಲೆ ಕೂರಿಸಿದಳು. ಎಂಟು ಆವರ್ತನ, ತಪ್ಪಿಲ್ಲದೆ.

ಹೋಗುವಾಗ ಅವರು ಕೇಳಿದ್ದು ಬೇರೆ: “ನಂದು ಸೆಕೆಂಡ್ ಶಿಫ್ಟ್ ಇದ್ದಾಗ ಮುಂಜಾನೆ ಕರ್ಕೊಂಬರ್ಬೌದಾ ಸಾರ್?”