ಎರಡನೇ ದಿನವೇ ಬರೆದುಬಿಟ್ಟ ‘ಬಾರ್ಡರ್‌ಲೈನ್’

ಊಟ ಬಿಟ್ಟು ಸೊರಗಿದ್ದ ಹುಡುಗಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 14, ತೀರಾ ಕಡಿಮೆ. ಅಡ್ಮಿಟ್ ಆಗಿ ಎರಡನೇ ದಿನ. ಚಪಾತಿಯನ್ನು ಹದಿನಾರು ಚೂರು ಮಾಡಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಕೊಂಡು ಮುಕ್ಕಾಲು ಗಂಟೆ ಕೂತಿದ್ದಳು. ಸಿಸ್ಟರ್ ತಟ್ಟೆ ಎತ್ತಲು ಹೋದರೆ ಕಿರುಚಾಟ. ತೋಳಿನ ಮೇಲೆ ಹಳೆಯ ಬ್ಲೇಡ್ ಗೆರೆಗಳು. ವ್ಯಕ್ತಿತ್ವದ ಪ್ರಶ್ನಾವಳಿಯಲ್ಲೂ ಸ್ಕೋರ್ ಜಾಸ್ತಿ. ಕೇಸ್ ಶೀಟಿನಲ್ಲಿ ‘ಬಾರ್ಡರ್‌ಲೈನ್ ಪಿಡಿ’ ಎಂದು ಬರೆದವಳು ನಾನೇ. ಪಿಡಿ ಅಂದರೆ ಪರ್ಸನಾಲಿಟಿ ಡಿಸಾರ್ಡರ್, ಸ್ವಭಾವದಲ್ಲೇ ಬೇರೂರಿದ ತೊಂದರೆ; ಬಾರ್ಡರ್‌ಲೈನ್‌ನಲ್ಲಿ ಭಾವನೆ ಹಿಡಿತ ತಪ್ಪುತ್ತದೆ, ದುಡುಕು ಹೆಚ್ಚು.

ಮೂರನೇ ರಾತ್ರಿ ತಲೆ ಸುತ್ತುತ್ತಿದೆ ಅಂದಳು. ಆ ಸಾಲು ಓದಿದ್ದ ಡ್ಯೂಟಿಯವರು ಹಟ ಅಂದುಕೊಂಡರು. ನಲವತ್ತು ನಿಮಿಷ ಹಾಗೇ ಹೋಯಿತು. ಇಸಿಜಿಯಲ್ಲಿ ಟಿ ಅಲೆ ಚಪ್ಪಟೆ, ರಕ್ತದಲ್ಲಿ ಪೊಟ್ಯಾಷಿಯಂ 2.6, ಹೃದಯಕ್ಕೆ ಅಪಾಯವಾಗುವಷ್ಟು ಕಡಿಮೆ. ಬಾತ್‌ರೂಮಿನಲ್ಲಿ ಗುಟ್ಟಾಗಿ ವಾಂತಿ ಮಾಡುತ್ತಿದ್ದಳು, ಪೊಟ್ಯಾಷಿಯಂ ಇಳಿದದ್ದು ಅದರಿಂದಲೇ. ಐಸಿಯುಗೆ ಸಾಗಿಸಿದೆವು, ಉಳಿದಳು.

ಹಸಿದ ದೇಹ ಸ್ವಭಾವವನ್ನೇ ಬದಲಿಸುತ್ತದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಸಂಶೋಧಕ ಆನ್ಸೆಲ್ ಕೀಸ್ 36 ಆರೋಗ್ಯವಂತ ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟಾಗ ಅವರೂ ಸಿಡುಕಿದರು, ಜನರಿಂದ ದೂರ ಸರಿದರು, ಒಂದೊಂದು ತುತ್ತನ್ನೂ ಗಂಟೆಗಟ್ಟಲೆ ಎಳೆದರು. ಅವರಿಗೇನು ಪಿಡಿ ಇತ್ತೇ?

ಎಣಿಕೆಯಲ್ಲೂ ಎಡವುತ್ತೇವೆ. ಬಾರ್ಡರ್‌ಲೈನ್‌ಗೆ ಡಿಎಸ್ಎಂ (ಮನೋರೋಗಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ) ಕೇಳುವುದು 9ರಲ್ಲಿ 5 ಲಕ್ಷಣ. ದುಡುಕಿನ ಲಕ್ಷಣಕ್ಕೆ ಅದು ಕೊಡುವ ಉದಾಹರಣೆಗಳಲ್ಲಿ ವಿಪರೀತ ತಿನ್ನುವುದೂ ಒಂದು. ಬುಲಿಮಿಯಾ (ವಿಪರೀತ ತಿಂದು ಆಮೇಲೆ ವಾಂತಿ ಮುಂತಾದ ದಾರಿಯಲ್ಲಿ ಹೊರಹಾಕುವ ಕಾಯಿಲೆ) ಇದ್ದವರಿಗೆ ಅದನ್ನೇ ಲೆಕ್ಕ ಹಿಡಿದರೆ ಒಂದೇ ಕಾಯಿಲೆಯನ್ನು ಎರಡು ಸಲ ಎಣಿಸಿದ ಹಾಗೆ. ಅದನ್ನು ಪಕ್ಕಕ್ಕಿಟ್ಟು ದುಡ್ಡು, ಕುಡಿತ, ಗಾಡಿ ಓಡಿಸುವ ರೀತಿ ಕೇಳಿ. ಎರಡು ಕಡೆಯಾದರೂ ದುಡುಕು ಕಾಣಬೇಕು. ಸಿಟ್ಟು ಊಟದ ಹೊತ್ತಿಗೆ ಮಾತ್ರ ಬರುತ್ತದೆಯೇ ನೋಡಿ. ಪ್ರಶ್ನಾವಳಿ ಬರೀ ಜರಡಿ, ಅದರ ಮೇಲೆ ಡಯಾಗ್ನೋಸಿಸ್ ಬರೆಯಬಾರದು.

ತೂಕ ಏರಿ ಕೆಲವು ವಾರ ನಿಂತ ಮೇಲೆ ಕೂತು ಸ್ಕಿಡ್ ಸಂದರ್ಶನ (ಡಿಎಸ್ಎಂ ಲಕ್ಷಣಗಳನ್ನು ಒಂದೊಂದಾಗಿ ಕೇಳುವ ಕ್ರಮಬದ್ಧ ಸಂದರ್ಶನ) ಮಾಡಿ. ತಾಯಿಯನ್ನು ಬೇರೆಯಾಗಿ ಕರೆದು, ‘ಊಟ ಬಿಡೋಕೆ ಮುಂಚೆ ಹೇಗಿದ್ಲಮ್ಮ?’ ಅಂತ ಕೇಳಿ. ಹದಿನೆಂಟು ತುಂಬದವರಲ್ಲಿ ಲಕ್ಷಣ ವರ್ಷವಾದರೂ ಇದ್ದಿರಬೇಕು. ಹಾಗಂತ ಕೈಕೊಯ್ದುಕೊಳ್ಳುವ ಅಪಾಯಕ್ಕೆ ಡಯಾಗ್ನೋಸಿಸ್‌ವರೆಗೆ ಕಾಯಬೇಡಿ, ಆ ಪ್ಲಾನ್ ಮೊದಲ ದಿನವೇ ಬೇಕು. ನಿಜವಾಗಿ ಪಿಡಿ ಇದ್ದವರಿಗೆ ಬರೆಯದೇ ಬಿಡುವುದೂ ಅನ್ಯಾಯ, ಅವರಿಗೆ ಡಿಬಿಟಿ (ಬಾರ್ಡರ್‌ಲೈನ್‌ಗೆಂದೇ ರೂಪಿಸಿದ ಮಾತಿನ ಚಿಕಿತ್ಸೆ) ತಪ್ಪಿಹೋಗುತ್ತದೆ.

ಏಳು ವಾರದ ನಂತರ ಕಿರುಚಾಟ ಇರಲಿಲ್ಲ. ಉಳಿದದ್ದು, ಎಂಟನೇ ಕ್ಲಾಸಿನಿಂದಲೂ ಒಂದಕ್ಷರ ಸೊಟ್ಟಗಾದರೆ ಹಾಳೆ ಹರಿದು ಮತ್ತೆ ಬರೆಯುವ ಅಭ್ಯಾಸ. ಒಸಿಪಿಡಿಗೆ (ಎಲ್ಲ ಅಚ್ಚುಕಟ್ಟಾಗಿಯೇ ಇರಬೇಕೆಂಬ ಹಟದ ಪಿಡಿ) 8 ಲಕ್ಷಣಗಳಲ್ಲಿ 4 ಬೇಕು, ಅವಳಲ್ಲಿ 2 ಸಿಕ್ಕವು. ಯಾವ ಪಿಡಿಯೂ ಇಲ್ಲ. ಆದರೆ ನಮ್ಮ ಸಾಫ್ಟ್‌ವೇರಿನಲ್ಲಿ ‘ತಾತ್ಕಾಲಿಕ’ ಎಂಬ ಆಯ್ಕೆಯೇ ಇಲ್ಲ. ನಾನು ಬರೆದ ಆ ಸಾಲು ಪ್ರತಿ ಸಮ್ಮರಿಯಲ್ಲೂ ಅಚ್ಚಾಗುತ್ತಿದೆ. ತೆಗೆಸಲು ಎರಡು ಸಲ ಪತ್ರ ಕೊಟ್ಟಿದ್ದೇನೆ.