ಪರಿಸರ ನೀತಿ ಓದಿದರೆ ಕೆಲಸ ಸಿಗುತ್ತಾ?

ಈ ಪ್ರಶ್ನೆಯನ್ನು ನನಗೆ ಮದುವೆ ಮನೆಯಲ್ಲಿ ಕೇಳಿದ್ದಾರೆ, ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ, ಅಡಿಕೆ ಸುಲಿಯುತ್ತಾ ಕೂತಾಗಲೂ ಕೇಳಿದ್ದಾರೆ. ಹೋದ ವಾರ ಹೊಸನಗರದ ಕಡೆಯಿಂದ ಒಬ್ಬರು ಫೋನ್ ಮಾಡಿದರು. ಮಗಳು ಬಿ.ಎಸ್ಸಿ. ಮುಗಿಸುತ್ತಿದ್ದಾಳಂತೆ. "ಪರಿಸರ ನೀತಿಯಲ್ಲಿ ಎಂ.ಎ. ಮಾಡ್ತೀನಿ ಅಂತಾಳೆ. ಎರಡು ವರ್ಷ ಓದಿಸ್ತೀನಿ, ಅದೇನೂ ಕಷ್ಟ ಇಲ್ಲ. ಆದ್ರೆ ಆಮೇಲೆ ಏನು ಮೇಡಂ?" ಅಂದರು. ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಇದೆ. ಅದು ವಿಜ್ಞಾನದ ಪದವಿ. ತುಂಗೆಯ ನೀರಲ್ಲಿ ಏನು ಸೇರಿದೆ, ಎಷ್ಟು ಸೇರಿದೆ ಅಂತ ಅಳೆಯೋದು ಅಲ್ಲಿ ಕಲಿಸುತ್ತಾರೆ. ಹಾಗೆ ಸೇರದಂತೆ ತಡೆಯುವ ಅಧಿಕಾರ ಯಾರಿಗಿದೆ, ಯಾವ ಕಾಯ್ದೆಯಲ್ಲಿದೆ, ತಡೆದರೆ ಖರ್ಚು ಯಾರ ತಲೆ ಮೇಲೆ ಬೀಳುತ್ತೆ ಅಂತ ಕೇಳೋದು ನೀತಿಯ ಓದು. ಎರಡೂ ಬೇಕು. ಆದರೆ ಎರಡೂ ಒಂದೇ ಅಲ್ಲ.

ನಾನು ಈ ಓದಿಗೆ ಹೋಗಿದ್ದಕ್ಕೆ ಕಾರಣ ನಮ್ಮ ಮನೆಯ ಪಹಣಿ. ನಮ್ಮದು ಮುಳುಗಡೆ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅದಕ್ಕೂ ಮೊದಲೇ ಅಜ್ಜ ಶರಾವತಿ ದಂಡೆಯ ಗದ್ದೆ, ತೋಟ ಎಲ್ಲ ಬಿಟ್ಟು ಲಾರಿಯಲ್ಲಿ ಸಾಮಾನು ಹೇರಿಕೊಂಡು ಬಂದರು. ಸರ್ಕಾರದವರು ಕಾಡು ತೋರಿಸಿ, ಇಲ್ಲಿ ಇರಿ ಅಂದರು, ಅಜ್ಜ ಇದ್ದರು. ಬೇಸಾಯ ಮಾಡಿದರು. ಆದರೆ ದಾಖಲೆಯಲ್ಲಿ ಆ ಜಾಗ ಅರಣ್ಯವಾಗಿಯೇ ಉಳಿಯಿತು. ಅಪ್ಪ ಆ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದಿದ್ದನ್ನು ನೋಡುತ್ತಲೇ ನಾನು ಬೆಳೆದೆ. ಕಂದಾಯದವರು ಅರಣ್ಯದವರನ್ನು ಕೇಳಿ ಅನ್ನುತ್ತಿದ್ದರು, ಅರಣ್ಯದವರು ಕಂದಾಯದವರನ್ನು.

ಎಂ.ಎ.ಗೆ ಸೇರಿದ ಮೊದಲ ವರ್ಷ, ಊರಿನ ಒಂದು ಸಮಸ್ಯೆಯ ಮೇಲೆ ಬರೆಯಿರಿ ಅಂತ ಹೇಳಿದರು. ನಾನು ಆ ಸರ್ವೆ ನಂಬರನ್ನೇ ಇಟ್ಟುಕೊಂಡು ಕೂತೆ. ಒಂದೊಂದೇ ಗಂಟು ಕಾಣಿಸತೊಡಗಿತು. ಅಜ್ಜ ಬಂದಾಗ ಅರಣ್ಯ ಸಂರಕ್ಷಣಾ ಕಾಯ್ದೆ ಇರಲಿಲ್ಲ. ಅದು ಬಂದಿದ್ದು 1980ರಲ್ಲಿ. ಅಲ್ಲಿಂದಾಚೆ, ದಾಖಲೆಯಲ್ಲಿ ಅರಣ್ಯ ಅಂತ ಇರುವ ಜಾಗವನ್ನು ಬೇರೆ ಕೆಲಸಕ್ಕೆ ಬಿಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಅಂದರೆ ರಾಜ್ಯ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಈಗ ರಾಜ್ಯವೊಂದಕ್ಕೇ ಆಗೋದಿಲ್ಲ.

ಹಾಗಾದರೆ ಕಾಡಿನಲ್ಲಿ ನೆಲೆಸಿದವರಿಗೆ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ ಅಂತ ಅನ್ನಿಸುತ್ತೆ, ಅಲ್ವಾ? ನನಗೂ ಅನ್ನಿಸಿತ್ತು. ಆದರೆ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು 3 ತಲೆಮಾರು, ಅಂದರೆ 75 ವರ್ಷ, ಆ ಕಾಡಿನಲ್ಲಿ ನೆಲೆಸಿ ಅದನ್ನೇ ನಂಬಿ ಬದುಕಿದವರಾಗಿರಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತೆ. ಅಜ್ಜ 1930ರಲ್ಲಿ ಈಗ ನೀರಿನಡಿ ಇರುವ ಊರಿನಲ್ಲಿದ್ದರು! ಸರ್ಕಾರವೇ ಎಬ್ಬಿಸಿ ಕಳಿಸಿದವರಿಗೆ ಆ 75 ವರ್ಷದ ಲೆಕ್ಕ ನೇರವಾಗಿ ಹೊಂದೋದಿಲ್ಲ. ಅದು ಗೊತ್ತಾದ ದಿನ ಗ್ರಂಥಾಲಯದಲ್ಲಿ ಕೂತು ಅತ್ತಿದ್ದೆ. ಅಪ್ಪನಿಗೆ ಇಷ್ಟು ವರ್ಷ ಯಾರೂ ಇದನ್ನು ಕೂರಿಸಿಕೊಂಡು ಹೇಳಿರಲಿಲ್ಲ.

ಈ ಓದು ಕೊಡುವ ಕಸುಬು ಇದೇ. ಒಂದು ತೀರ್ಮಾನ ಯಾವ ಮೇಜಿನ ಮೇಲೆ ಆಗುತ್ತೆ, ಯಾವ ದಿನದೊಳಗೆ ಆಗುತ್ತೆ, ಅಷ್ಟರೊಳಗೆ ಜನ ಎಲ್ಲಿ ಬಾಯಿ ಬಿಡಬಹುದು ಅಂತ ಹುಡುಕೋದು. ಅರ್ಥಶಾಸ್ತ್ರ, ಕಾನೂನು, ಜೀವಿಶಾಸ್ತ್ರ, ಅಂಕಿಅಂಶ, ನಕ್ಷೆ ಮಾಡುವ ಜಿಐಎಸ್, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸುತ್ತಾರೆ. ಯಾವುದರಲ್ಲೂ ಪಂಡಿತರಾಗೋದಿಲ್ಲ. ಆದರೆ ಆ ಎಲ್ಲ ಪಂಡಿತರ ವರದಿ ಓದಿ, ಎಲ್ಲಿ ಏನು ಬಿಟ್ಟಿದ್ದಾರೆ ಅಂತ ಕೇಳಲು ಬರುತ್ತೆ.

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೇ ನೋಡಿ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಪಂಪ್ ಮಾಡಿ ಮೇಲೆತ್ತಿ, ಬೇಕಾದಾಗ ಇಳಿಸಿ ಕರೆಂಟು ತೆಗೆಯುವ 2000 ಮೆಗಾವಾಟ್ ಯೋಜನೆ ಅದು. ನೀರನ್ನು ಮೇಲೆತ್ತಲು ಬೇಕಾಗುವ ಕರೆಂಟು, ಅದೇ ನೀರು ಇಳಿಯುವಾಗ ಸಿಗುವುದಕ್ಕಿಂತ ಜಾಸ್ತಿ. ಹಾಗಾಗಿ ಇದು ವಿದ್ಯುತ್ತನ್ನು ಕೂಡಿಡುವ ಯೋಜನೆ. ಕೂಡಿಡಲು ಬೇರೆ ದಾರಿ ಇದೆಯಾ, ಸಿಂಗಳೀಕಗಳಿರುವ ಈ ಕಾಡೇ ಯಾಕೆ ಬೇಕು ಅಂತ ಕೇಳಬೇಕು. ಕೇಳುವ ಜಾಗವೂ ಕಾಯ್ದೆಯಲ್ಲಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ಯೋಜನೆ ಬಗ್ಗೆ ಜನರ ಮಾತು ಕೇಳುವ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲೇ ನೋಟಿಸ್ ಕೊಡಬೇಕು. ಯೋಜನೆಯಿಂದ ಪರಿಸರಕ್ಕೆ ಏನಾಗುತ್ತೆ ಅನ್ನುವ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಸಭೆ ಮುಗಿದ ಮೇಲೆ ಯಾರು ಏನು ಹೇಳಿದರು ಅನ್ನೋದನ್ನು ಅಲ್ಲೇ ಜನರ ಭಾಷೆಯಲ್ಲಿ ಓದಿ ಹೇಳಬೇಕು. ಈ ಕೊನೆಯದು ತುಂಬಾ ಜನರಿಗೆ ಗೊತ್ತಿಲ್ಲ. ಸಿಟ್ಟಿನಲ್ಲಿ ಮಾತಾಡಿ ಎದ್ದು ಹೋಗಿಬಿಡುತ್ತಾರೆ. ದಯವಿಟ್ಟು ಹೋಗಬೇಡಿ, ಓದುವ ತನಕ ಕೂತಿರಿ.

ಇನ್ನು ಕೆಲಸದ ಮಾತು. ಸಂಶೋಧನಾ ಸಂಸ್ಥೆ, ಸ್ವಯಂಸೇವಾ ಸಂಸ್ಥೆ, ಪರಿಸರ ಪರಿಣಾಮ ವರದಿ ಮಾಡುವ ಕನ್ಸಲ್ಟೆನ್ಸಿ, ಸರ್ಕಾರಿ ಇಲಾಖೆಗಳ ಗುತ್ತಿಗೆ ಹುದ್ದೆ, ಪತ್ರಿಕೆ, ಎಲ್ಲಾ ಕಡೆ ನನ್ನ ಜೊತೆ ಓದಿದವರಿದ್ದಾರೆ. ಷೇರುಪೇಟೆಯ ಮೊದಲ 1000 ಕಂಪನಿಗಳು 2022-23ರಿಂದ, ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮದಂತೆ ಸುಸ್ಥಿರತೆಯ ವರದಿ ಕೊಡಲೇಬೇಕು. ಅಲ್ಲಿ ಕೆಲಸವಿದೆ, ಸಂಬಳವೂ ಚೆನ್ನಾಗಿದೆ, ಆದರೆ ಬೆಂಗಳೂರಿನಲ್ಲೋ ಮುಂಬೈನಲ್ಲೋ ಇರಬೇಕು. ಮಲೆನಾಡಲ್ಲೇ ಇದ್ದು ದುಡಿಯುತ್ತೇನೆ ಅಂದರೆ ಸಂಬಳ ಕಡಿಮೆ. ನನ್ನದೂ ಹಾಗೇ. ಇದನ್ನು ಮುಚ್ಚಿಡಬಾರದು.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಇಂಡಿಯನ್ ಫಾರೆಸ್ಟ್ ಸರ್ವಿಸ್ ಪರೀಕ್ಷೆಗೆ ಪದವಿಯಲ್ಲಿ ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇಂಥ ಒಂದಾದರೂ ವಿಷಯ ಇರಬೇಕು, ಇಲ್ಲವೇ ಕೃಷಿ, ಎಂಜಿನಿಯರಿಂಗ್ ಇಂಥ ಪದವಿ ಬೇಕು. ಇಂಥ ವಿಷಯ ಇಲ್ಲದ ಬಿ.ಎ. ಮಾಡಿ, ಮೇಲೆ ಪರಿಸರ ನೀತಿ ಓದಿದರೂ ಆ ಪರೀಕ್ಷೆಗೆ ಕೂರಲು ಆಗೋದಿಲ್ಲ. ಹೊಸನಗರದ ಹುಡುಗಿಯ ಬಿ.ಎಸ್ಸಿ.ಯಲ್ಲಿ ಅಂಥ ವಿಷಯ ಇರೋದರಿಂದ ಆ ದಾರಿಯೂ ತೆರೆದೇ ಇರುತ್ತೆ. ಅವಳ ಅಪ್ಪನಿಗೆ ಇದು ಕೇಳಿ ಸಮಾಧಾನವಾಯಿತು.

ಓದು ಕಲಿಸದೇ ಬಿಟ್ಟಿದ್ದು ಒಂದಿದೆ, ಅದು ಕನ್ನಡ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಊರಿಗೆ ಬಂದು ಮೊದಲ ಸಲ ಗ್ರಾಮಸಭೆಯಲ್ಲಿ ಮಾತಾಡಿದಾಗ ಅರಣ್ಯ ಹಕ್ಕಿನ ಅರ್ಜಿ ಬಗ್ಗೆ ಹತ್ತು ನಿಮಿಷ ಹೇಳಿದೆ, ಯಾರಿಗೂ ತಿಳಿಯಲಿಲ್ಲ. ಆಮೇಲೆ ಒಬ್ಬ ಅಜ್ಜಿ ಕೈ ಹಿಡಿದು, "ಹಂಗಾರೆ ನಾನು ಹೇಳಿದ್ದೂ ಸಾಕ್ಷಿ ಆಗ್ತದಾ ಮಗಾ?" ಅಂತ ಕೇಳಿದರು. ಆಗುತ್ತೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷಿ ಅಂತ ನಿಯಮದಲ್ಲೇ ಇದೆ. ನನ್ನ ಹತ್ತು ನಿಮಿಷಕ್ಕಿಂತ ಆ ಅಜ್ಜಿಯ ಒಂದು ಪ್ರಶ್ನೆಯಿಂದ ಸಭೆಗೆ ಜಾಸ್ತಿ ಅರ್ಥವಾಯಿತು.

ಫೋನಿನಲ್ಲಿ ಕೊನೆಗೆ ಮಗಳೇ ಮಾತಾಡಿದಳು. "ಅಕ್ಕಾ, ಸೇರೋಕೆ ಮುಂಚೆ ಏನಾದ್ರೂ ಓದ್ಕೊಬೇಕಾ?" ಅಂದಳು. ನಿಮ್ಮೂರ ಮುಂದಿನ ಗ್ರಾಮಸಭೆ ಯಾವತ್ತು ಅಂತ ಕೇಳಿದೆ. ಗೊತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಮೆಸೇಜ್ ಬಂತು. ಪಂಚಾಯ್ತಿಗೆ ಹೋಗಿ ಕೇಳಿದ್ದಳು, ತಾರೀಕು ಬರೆದಿದ್ದಳು. ಹೋದ ಸಲದ ಸಭೆಯ ನಡಾವಳಿ ಪುಸ್ತಕವನ್ನೂ ನೋಡಬಹುದಾ ಅಂತ ಕೇಳಿ ಬಂದಿದ್ದಳು.