ಹಾರ್ಡ್ ಡಿಸ್ಕ್ ಕೆಟ್ಟಿದೆ ಎನ್ನುವ ಮುನ್ನ ಅದರ ಪವರ್ ಕನೆಕ್ಟರ್ ನೋಡಿ

ಸ್ಟೋರೇಜ್ ಸರ್ವರ್‌ಗಳ ನಿರ್ವಹಣೆ ನನ್ನ ಕೆಲಸ. ಹೊಸ 3.5 ಇಂಚಿನ ಡಿಸ್ಕನ್ನು ಹಳೆಯ ಸರ್ವರ್‌ಗೆ ಜೋಡಿಸಿದರೆ ಅದು ತಿರುಗುವುದೇ ಇಲ್ಲ, ಆದರೆ ಯುಎಸ್‌ಬಿ ಪೆಟ್ಟಿಗೆಗೆ ಹಾಕಿದರೆ ಸರಿಯಾಗಿ ನಡೆಯುತ್ತದೆ ಎಂಬ ದೂರು ನಮ್ಮ ವಿಭಾಗಕ್ಕೆ ಆಗಾಗ ಬರುತ್ತದೆ. ಇಂತಹ ಡಿಸ್ಕನ್ನು ವಾರಂಟಿಗೆ ಕಳುಹಿಸುವ ಮೊದಲು ನಾನು ನೋಡುವುದು ಸಾಟಾ (ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಮಾನದಂಡ) ಪವರ್ ಕನೆಕ್ಟರಿನ ಮೂರನೆಯ ಪಿನ್ನನ್ನು.

ಸಾಟಾ ಪವರ್ ಕನೆಕ್ಟರಿನಲ್ಲಿ 15 ಪಿನ್‌ಗಳಿವೆ. ಮೂಲ ವಿನ್ಯಾಸದಲ್ಲಿ 1ರಿಂದ 3ರವರೆಗಿನವು 3.3 ವೋಲ್ಟ್, 7ರಿಂದ 9ರವರೆಗಿನವು 5 ವೋಲ್ಟ್, 13ರಿಂದ 15ರವರೆಗಿನವು 12 ವೋಲ್ಟ್ ಒಯ್ಯುತ್ತವೆ. ಉಳಿದವುಗಳಲ್ಲಿ ಹೆಚ್ಚಿನವು ಗ್ರೌಂಡ್. 3.5 ಇಂಚಿನ ಡಿಸ್ಕಿನ ಮೋಟಾರು ತಿರುಗುವುದು 12 ವೋಲ್ಟಿನಿಂದ, ಸರ್ಕ್ಯೂಟ್ ಬೋರ್ಡ್ ನಡೆಯುವುದು ಮುಖ್ಯವಾಗಿ 5 ವೋಲ್ಟಿನಿಂದ, 3.3 ವೋಲ್ಟನ್ನು ಅವು ಬಳಸುತ್ತಲೇ ಇರಲಿಲ್ಲ ಎಂದರೂ ನಡೆದೀತು. ಬಹುಶಃ ಆ ಕಾರಣಕ್ಕೇ 2016ರ ಸಾಟಾ 3.3 ಮಾನದಂಡವು ಮೂರನೆಯ ಪಿನ್ನಿಗೆ ಬೇರೆ ಕೆಲಸ ವಹಿಸಿತು: ಅಲ್ಲಿ ವೋಲ್ಟೇಜ್ ಇರುವವರೆಗೆ ಡಿಸ್ಕ್ ಆರಿಯೇ ಇರಬೇಕು. ದೂರದಿಂದಲೇ ಡಿಸ್ಕನ್ನು ಆರಿಸಿ ಮತ್ತೆ ಹೊತ್ತಿಸಲು ಡೇಟಾ ಸೆಂಟರ್‌ಗಳಿಗೆ ಇದು ಅನುಕೂಲ. ಆದರೆ ಹಳೆಯ ಪವರ್ ಸಪ್ಲೈ ಅದೇ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತಿರುವುದರಿಂದ, ಈ ಸೌಲಭ್ಯವಿರುವ ಡಿಸ್ಕ್ ಅದನ್ನು ಆರಿರುವಂತೆ ಬಂದ ಆದೇಶವೆಂದೇ ತಿಳಿಯುತ್ತದೆ.

ಇದಕ್ಕೆ ಎರಡು ಪರಿಹಾರಗಳು ಬಳಕೆಯಲ್ಲಿವೆ. ಒಂದು, ಡಿಸ್ಕಿನ ಮೂರನೆಯ ಪಿನ್ನಿನ ಮೇಲೆ ಕಿರಿದಾದ ಕ್ಯಾಪ್ಟಾನ್ (Kapton) ಎಂಬ ವಿದ್ಯುತ್ ನಿರೋಧಕ ಟೇಪ್ ಅಂಟಿಸುವುದು. ಇನ್ನೊಂದು, ಮೊಲೆಕ್ಸ್‌ನಿಂದ ಸಾಟಾಕ್ಕೆ ಬದಲಿಸುವ ಅಡಾಪ್ಟರ್. ಹಳೆಯ ನಾಲ್ಕು ಪಿನ್ನಿನ ಮೊಲೆಕ್ಸ್‌ನಲ್ಲಿ ಹಳದಿ ತಂತಿ 12 ವೋಲ್ಟ್, ಕೆಂಪು 5 ವೋಲ್ಟ್, ನಡುವಿನ ಎರಡು ಕಪ್ಪು ತಂತಿಗಳು ಗ್ರೌಂಡ್ ಆಗಿದ್ದು, 3.3 ವೋಲ್ಟ್ ಅದರಲ್ಲಿ ಇಲ್ಲವೇ ಇಲ್ಲ. ನಾನು ಟೇಪನ್ನೇ ಆರಿಸಿಕೊಳ್ಳುತ್ತೇನೆ. ತಂತಿಗಳ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ಅಡಾಪ್ಟರ್‌ಗಳಲ್ಲಿ ಒಳಗಿನ ವಾಹಕಗಳು ಪರಸ್ಪರ ತೀರಾ ಹತ್ತಿರ ಬಂದಿರಬಹುದು, ಕಾಲಕ್ರಮದಲ್ಲಿ ಶಾರ್ಟ್ ಆಗಿ ಸುಟ್ಟುಹೋಗಬಹುದು. ಅಡಾಪ್ಟರ್ ಅನಿವಾರ್ಯವಾದರೆ ಪ್ರತಿ ತಂತಿಯನ್ನೂ ಕ್ರಿಂಪ್ ಮಾಡಿ (ಲೋಹದ ತುದಿಯೊಳಗೆ ಒತ್ತಿ ಬಿಗಿದು) ಕೂರಿಸಿದ ಮಾದರಿಯನ್ನೇ ಕೇಳಿ ಪಡೆಯಬೇಕು.

ಒಂದು ಸಾಟಾ ಕನೆಕ್ಟರಿನಿಂದ ಸ್ಪ್ಲಿಟರ್ ಹಾಕಿ ಹಲವು ಡಿಸ್ಕ್‌ಗಳನ್ನು ನಡೆಸುವವರೂ ಇದ್ದಾರೆ. ಪ್ರತಿ ಪಿನ್ನಿನ ಮಿತಿ 1.5 ಆಂಪಿಯರ್, ಅಂದರೆ 12 ವೋಲ್ಟಿನ ಮೂರು ಪಿನ್ನುಗಳಿಗೆ ಒಟ್ಟು 4.5 ಆಂಪಿಯರ್, ಡಿಸ್ಕೊಂದು ತಿರುಗಲಾರಂಭಿಸುವ ಕೆಲವು ಕ್ಷಣಗಳಲ್ಲಿ ಸುಮಾರು 2 ಆಂಪಿಯರ್ ಎಳೆಯುವುದರಿಂದ, ಮೂರು ಡಿಸ್ಕ್‌ಗಳು ಒಟ್ಟಿಗೆ ಹೊರಟರೆ ಮಿತಿ ದಾಟುತ್ತದೆ.

ಎಸ್‌ಎಎಸ್ (ಸರ್ವರ್‌ಗಳಲ್ಲಿ ಬಳಸುವ, ಸಾಟಾದಂಥದೇ ಇನ್ನೊಂದು ಬಗೆಯ ಸಂಪರ್ಕ) ಡಿಸ್ಕಿನ ವಿಷಯ ಸರಳ. ಅದರಲ್ಲಿ ಡೇಟಾ ಮತ್ತು ಪವರ್ ಭಾಗಗಳ ನಡುವಿನ ಅಂತರ ಮುಚ್ಚಿರುವುದರಿಂದ ಸಾಧಾರಣ ಸಾಟಾ ಕೇಬಲ್ ಒಳಗೆ ಹೋಗುವುದಿಲ್ಲ.

ಇಂತಹ ತಡೆ ಇಲ್ಲದಿರುವುದು ಮಾಡ್ಯುಲರ್ ಪವರ್ ಸಪ್ಲೈಗಳಲ್ಲಿ, ಅಂದರೆ ಕೇಬಲ್ಲುಗಳನ್ನು ಬಿಡಿಸಿ ತೆಗೆಯಬಹುದಾದವುಗಳಲ್ಲಿ. ಕೇಬಲ್ಲಿನ ಡಿಸ್ಕ್ ಕಡೆಯ ತುದಿಗೆ ಮಾನದಂಡವಿದೆ, ಪವರ್ ಸಪ್ಲೈ ಕಡೆಯ ತುದಿಗೆ ಇಲ್ಲ. ಒಂದು ಮಾದರಿಯ ಕೇಬಲ್ ಇನ್ನೊಂದಕ್ಕೆ ಸಲೀಸಾಗಿ ಕೂತು, 5 ವೋಲ್ಟಿನ ದಾರಿಗೆ 12 ವೋಲ್ಟ್ ಹರಿಸಿ ಡಿಸ್ಕಿನ ಬೋರ್ಡನ್ನು ಸುಡಬಲ್ಲದು. ಆದ್ದರಿಂದ ನಮ್ಮಲ್ಲಿ ಪ್ರತಿ ಕೇಬಲ್ಲಿಗೂ ಅದರ ಪವರ್ ಸಪ್ಲೈಯ ಮಾದರಿ ಬರೆದ ಚೀಟಿ ಅಂಟಿಸುತ್ತೇವೆ. ಚೀಟಿ ಇಲ್ಲದ್ದು ಸಿಕ್ಕರೆ, ಡಿಸ್ಕ್ ಜೋಡಿಸುವ ಮುನ್ನ ಮಲ್ಟಿಮೀಟರ್ ಹಿಡಿದು ಪ್ರತಿ ಪಿನ್ನಿನ ವೋಲ್ಟೇಜ್ ಅಳೆಯುತ್ತೇವೆ.